ಎಂಎಸ್ ಇದೆಯೋ ಇಲ್ಲವೋ ರಕ್ತ ಪರೀಕ್ಷೆ ಹೇಳುವುದಿಲ್ಲವೇ?

ನರರೋಗಗಳ ಬಗ್ಗೆ ಬರೆಯುವವನು ಎಂದು ತಿಳಿದವರು ನನ್ನನ್ನು ಕೇಳುವುದು ಇಷ್ಟೇ: "ಸಕ್ಕರೆ ಕಾಯಿಲೆಯನ್ನು ಒಂದು ಹನಿ ರಕ್ತದಲ್ಲಿ ಹಿಡಿಯುತ್ತಾರೆ. ಮಲ್ಟಿಪಲ್ ಸ್ಕ್ಲಿರೋಸಿಸ್‌ಗೆ ಮಾತ್ರ ಎಂಆರ್‌ಐ ಮಾಡಿ, ಬೆನ್ನಿನಿಂದ ನೀರು ತೆಗೆದು ಯಾಕೆ ಗೋಳಾಡಿಸುತ್ತಾರೆ?"

ಮಲ್ಟಿಪಲ್ ಸ್ಕ್ಲಿರೋಸಿಸ್, ಅಂದರೆ ಎಂಎಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆಯಾದ ಮಯಲಿನ್ ಪೊರೆಯ ಮೇಲೆ ಎರಗುವ ಕಾಯಿಲೆ. ಅದಕ್ಕೂ ರಕ್ತ ಪರೀಕ್ಷೆ ಇದೆ. ಆದರೆ ಅದು ಉತ್ತರಿಸುವ ಪ್ರಶ್ನೆಯೇ ಬೇರೆ.

ನರತಂತುವಿನ ಒಳಗಿನ ಹಂದರದಲ್ಲಿ ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನ್ ಇರುತ್ತದೆ. ತಂತುವಿಗೆ ಪೆಟ್ಟು ಬಿದ್ದರೆ ಅದು ಮಿದುಳಿನ ಸುತ್ತಲಿನ ದ್ರವಕ್ಕೆ, ಅಲ್ಲಿಂದ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೋರುತ್ತದೆ. ಅಳೆಯುವುದು ಪಿಕೊಗ್ರಾಮ್‌ಗಳಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಲೆಕ್ಕದಲ್ಲಿ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ, ಎಪ್‌ಸ್ಟೀನ್-ಬಾರ್ ಎಂಬ ಸಾಮಾನ್ಯ ವೈರಸ್‌ಗೂ ಎಂಎಸ್‌ಗೂ ಇರುವ ನಂಟನ್ನು ಹುಡುಕಿದ ಅಧ್ಯಯನದಲ್ಲಿ ಈ ಪ್ರೋಟೀನೇ ಒಂದು ಮುಖ್ಯ ಸಾಕ್ಷಿ. ಮುಂದೆ ಎಂಎಸ್ ಬಂದವರಲ್ಲಿ ಅದು ಏರತೊಡಗಿದ್ದು ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ನಂತರವೇ, ರೋಗಲಕ್ಷಣ ಕಾಣುವ ಮೊದಲೇ.

ಹಾಗಾದರೆ ಅದನ್ನೇ ನಂಬಬಹುದಲ್ಲ? ಇಲ್ಲ. ವಯಸ್ಸಾದರೆ ಅದು ಏರುತ್ತದೆ, ಮೂತ್ರಪಿಂಡ ಸೋತರೂ ಏರುತ್ತದೆ, ತಲೆಗೆ ಪೆಟ್ಟಾದರೂ ಏರುತ್ತದೆ. ದಪ್ಪಗಿರುವವರಲ್ಲಿ ಕಡಿಮೆ ಕಾಣುತ್ತದೆ. ಹಾನಿ ಆಗಿದೆ ಎನ್ನುತ್ತದೆಯೇ ಹೊರತು ಮಾಡಿದವರು ಯಾರೆಂದು ಹೇಳುವುದಿಲ್ಲ. ಎಂಎಸ್ ಎಂದೇ ಭ್ರಮೆ ಹುಟ್ಟಿಸುವ, ದೃಷ್ಟಿನರ ಮತ್ತು ಬೆನ್ನುಹುರಿಯನ್ನು ಕೆಡಿಸುವ ಎನ್‌ಎಂಒ ಕಾಯಿಲೆಯ ಅದೃಷ್ಟ ಚೆನ್ನಾಗಿತ್ತು: ಅದರ ಪ್ರತಿಕಾಯ 2004ರಲ್ಲೇ ರಕ್ತದಲ್ಲಿ ಸಿಕ್ಕಿತು. ಎಂಎಸ್‌ಗೆ ಅಂಥದ್ದು ಸಿಕ್ಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕೊರತೆ. ಎಂಎಸ್‌ನಲ್ಲಿ ಎಲ್ಲ ಹಾನಿಯೂ ಉರಿಯೂತದ ದಾಳಿಯಿಂದಲೇ ಆಗುವುದಿಲ್ಲ. ಮಯಲಿನ್ ಪೊರೆ ಕಳಚಿದ ತಂತುವಿನ ಉದ್ದಕ್ಕೂ ಸೋಡಿಯಂ ಒಳನುಗ್ಗುವ ದಾರಿಗಳು ಹರಡಿಕೊಳ್ಳುತ್ತವೆ. ಬಂದದ್ದನ್ನು ಹೊರಹಾಕಲು ಪಂಪ್‌ಗಳು ಬಿಡುವಿಲ್ಲದೆ ಎಟಿಪಿ ಎಂಬ ಕೋಶದ ಇಂಧನವನ್ನು ಸುಡಬೇಕು. ಅದೇ ಹೊತ್ತಿಗೆ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಗಳನ್ನು ನೈಟ್ರಿಕ್ ಆಕ್ಸೈಡ್ ಕೆಡಿಸಿರುತ್ತದೆ. ಖರ್ಚು ಏರಿ ವರಮಾನ ಇಳಿದ ಸಂಸಾರದ ಸ್ಥಿತಿ. ಸೋಡಿಯಂ ಒಳಗೇ ಉಳಿದಾಗ ಸೋಡಿಯಂ ಒಳಬಿಟ್ಟು ಕ್ಯಾಲ್ಸಿಯಂ ಹೊರಹಾಕುವ ವಿನಿಮಯ ತಿರುಗುಮುರುಗಾಗಿ ಕ್ಯಾಲ್ಸಿಯಂ ಒಳಬರುತ್ತದೆ. ಅದು ಎಚ್ಚರಿಸಿದ ಕಿಣ್ವಗಳು ಹಂದರವನ್ನೇ ಕಡಿಯುತ್ತವೆ. ಮಿದುಳಿನ ರಕ್ಷಕ ಕೋಶಗಳು ಆಹಾರದ ಪ್ರೋಟೀನ್‌ನಲ್ಲಿರುವ ಟ್ರಿಪ್ಟೊಫಾನ್‌ನಿಂದ ತಯಾರಿಸುವ ಕ್ವಿನೊಲಿನಿಕ್ ಆಮ್ಲದ ವಿಷವೂ ಜೊತೆಗೂಡುತ್ತದೆ. (ಹಾಲು, ಮೊಟ್ಟೆ ಬಿಡಬೇಕೇ ಎಂದು ಕೇಳಬೇಡಿ, ತಟ್ಟೆಯಿಂದ ಇದನ್ನು ತಡೆಯಲಾಗದು.)

ಈ ನಿಧಾನದ ಸವೆತ ಹೊಸ ಕಲೆಗಳಾಗಿ ಎಂಆರ್‌ಐನಲ್ಲಿ ಕಾಣದೆಯೂ ನಡೆಯಬಹುದು, ನ್ಯೂರೋಫಿಲಮೆಂಟ್ ಹೆಚ್ಚು ಏರದೆಯೂ ನಡೆಯಬಹುದು. ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೊಸೈಟ್ ಕೋಶಗಳ ಜಿಎಫ್‌ಎಪಿ ಪ್ರೋಟೀನ್ ಇದಕ್ಕೆ ಹೆಚ್ಚು ಹತ್ತಿರದ ಸೂಚಕವೆಂದು ಈಗ ಹಲವರ ಕಣ್ಣು ಅದರ ಮೇಲಿದೆ.

ಚಯಾಪಚಯದ ದಾರಿ ಗೊತ್ತಾದರೆ ಔಷಧವೂ ಕೈಗೆ ಬಂದಂತೆ ಎನ್ನುವವರಿಗೆ ನಾನು ಬಯೋಟಿನ್ ಕಥೆ ಹೇಳುತ್ತೇನೆ. ಕೊಬ್ಬಿನಾಮ್ಲ ತಯಾರಿಕೆಗೂ ಶಕ್ತಿ ಉತ್ಪಾದನೆಗೂ ಬೇಕಾದ ಜೀವಸತ್ವ ಅದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಮದ್ದು ಇರಲಾರದು. ದಿನಕ್ಕೆ 300 ಮಿಲಿಗ್ರಾಂ ಕೊಟ್ಟು 2016ರಲ್ಲಿ ಪ್ರಕಟವಾದ ಮೊದಲ ಪ್ರಯೋಗ ಭರವಸೆ ಮೂಡಿಸಿತ್ತು. 642 ಜನರ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ಸುಧಾರಿಸಿದವರು ಔಷಧದಲ್ಲಿ ಶೇಕಡ 12, ಹುಸಿಮಾತ್ರೆಯಲ್ಲಿ ಶೇಕಡ 9. ಅಂಕಿಅಂಶದ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಕೂದಲಿಗೆಂದು ಈಗಲೂ ಹೆಚ್ಚಿನ ಪ್ರಮಾಣದ ಬಯೋಟಿನ್ ನುಂಗುವವರು ರಕ್ತ ಕೊಡುವ ಮುನ್ನ ಲ್ಯಾಬ್‌ನವರಿಗೆ ಹೇಳಿಬಿಡಿ. ಥೈರಾಯ್ಡ್ ವರದಿಯನ್ನು ಅದು ತಪ್ಪಾಗಿಸಬಹುದು.