ತುಂಗಭದ್ರಾ ಹಿನ್ನೀರಲ್ಲಿ ಒಂದು ಬೆಳಗು

ಹೊಸಪೇಟೆಗೆ ಬಂದವರು ಡ್ಯಾಂ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹಂಪಿಗೆ ಹೋಗಿಬಿಡುತ್ತಾರೆ. ನಾವು ಮರಿಯಮ್ಮನಹಳ್ಳಿ ಕಡೆಗೆ, ಹಿನ್ನೀರಲ್ಲಿ ಮೀನು ಹಿಡಿಯುವ ಒಬ್ಬ ಅಣ್ಣನ ಜೊತೆ ಹೋದೆವು. ಜನವರಿ ತಿಂಗಳು, ಚಳಿಗಾಳಿ ಜೋರಾಗಿತ್ತು. ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಬೆಳಕು ಹರಿಯುವ ಮೊದಲೇ ಎತ್ತಬೇಕು, ಬಿಸಿಲೇರಿದರೆ ಸಿಕ್ಕ ಮೀನು ಕೆಡುತ್ತೆ. ಹಾಗಾಗಿ ಕತ್ತಲಲ್ಲೇ ತೆಪ್ಪ ಹತ್ತಿದೆವು. ಬಿದಿರಿನ ತೆಪ್ಪ, ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಒಂದೇ ಹುಟ್ಟು. ಅದನ್ನು ಮುಂದೆ ಎಡಕ್ಕೂ ಬಲಕ್ಕೂ ಎಳೆಯುತ್ತಾ ಅಣ್ಣ ನೇರ ಗೆರೆ ಹೊಡೆದಂತೆ ಕರೆದುಕೊಂಡು ಹೋದರು.

ನೀರಲ್ಲಿ ತೇಲುತ್ತಿದ್ದ ಖಾಲಿ ಬಾಟಲಿಯೇ ಗುರುತು. ಅಲ್ಲಿಂದ ಬಲೆ ಮೇಲೆ ಬರತೊಡಗಿತು. ಮೊದಲು ಬರೀ ಜಿಲೇಬಿ ಮೀನು (ತಿಲಾಪಿಯಾ), ಬೆನ್ನಿನ ಮುಳ್ಳು ಚುಚ್ಚಿದರೆ ಬೆರಳು ಉರಿಯುತ್ತೆ. ಆಮೇಲೆ ಒಂದು ಕಾಟ್ಲಾ, ಎರಡು ಕೈಯಲ್ಲೂ ಹಿಡಿಯುವಷ್ಟು ದೊಡ್ಡದು. ಬಲೆಯ ಕಣ್ಣಿನಲ್ಲಿ ತಲೆ ತೂರಿಸಿ ಮುಂದೆ ಹೋಗಲಾಗದೆ, ಹಿಂದೆ ಸರಿದಾಗ ಕಿವಿರಿನ ಮುಚ್ಚಳಕ್ಕೆ ದಾರ ಸಿಕ್ಕಿಕೊಂಡಿರುತ್ತೆ. ಎಳೆದರೆ ಬರಲ್ಲ. ಅಣ್ಣ ಹೆಬ್ಬೆರಳಿನಿಂದ ಮುಚ್ಚಳ ಒತ್ತಿ, ದಾರವನ್ನು ತಲೆಯ ಕಡೆಗೆ ಜಾರಿಸಿ, ಒಂದೇ ಸಲಕ್ಕೆ ಬಿಡಿಸಿದರು. ದಾರ ಹರಿಯಲಿಲ್ಲ.

ಬಲೆಯ ಕಣ್ಣು ಎಷ್ಟು ದೊಡ್ಡದು ಅನ್ನೋದೇ ಈ ಕಸುಬಿನಲ್ಲಿ ಮುಖ್ಯ. ಅಂಗೈ ಅಗಲದ ಮರಿ ಅದರಲ್ಲಿ ನುಸುಳಿ ಹೋಗಬೇಕು. ಸೊಳ್ಳೆ ಪರದೆಯಂಥ ಬಲೆ ಹಾಕುವವರೂ ಇದ್ದಾರೆ, ಅದನ್ನು ಹೇಳುವಾಗ ಅಣ್ಣನ ದನಿ ಏರಿತು. "ಮರೀನ ಹಿಡದ್ರ ಮುಂದಿನ ವರ್ಷ ಏನ್ ಹಿಡೀತೀರಿ ಸರ?" ಕಾಟ್ಲಾ, ರೋಹು ನಿಂತ ನೀರಲ್ಲಿ ಮೊಟ್ಟೆ ಇಡಲ್ಲ. ಮಳೆಗಾಲದ ಹೊಸ ನೀರು ಹರಿದು ಬಂದಾಗ ಹೊಳೆಯ ಕಡೆಗೆ ಏರುತ್ತವೆ. ಅದಕ್ಕೇ ಆಗ ಮೀನು ಹಿಡಿಯಬಾರದು ಅನ್ನೋದು, ಅದಕ್ಕೇ ಮರಿ ತಂದು ಬಿಡೋದು. ಬಿಟ್ಟ ಮರಿಯನ್ನು ಸಣ್ಣ ಬಲೆ ಬಾಚಿಕೊಂಡರೆ ಇನ್ನೇನು ಉಳೀತು?

ಈ ಜಲಾಶಯಕ್ಕೆ ಬೇರೆ ಕಷ್ಟಗಳೂ ಇವೆ. 1953ರಲ್ಲಿ ನೀರು ನಿಂತಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. 2024ರ ಆಗಸ್ಟ್‌ನಲ್ಲಿ ನೀರು ಹೊರಬಿಡುವ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ, ಅದನ್ನು ಮುಚ್ಚಲು ತುಂಬಿದ ಡ್ಯಾಂನಿಂದ ನೀರು ಹೊರಬಿಡಬೇಕಾಯಿತು. ರೈತರ ಸಂಕಟ ಎಲ್ಲರಿಗೂ ಗೊತ್ತಾಯಿತು. ಹಿನ್ನೀರು ನಂಬಿದ ಈ ಮನೆಗಳನ್ನು ಯಾರು ಕೇಳಿದರು?

ದಡದಲ್ಲಿ ವ್ಯಾಪಾರಿಯ ಗಾಡಿ ಐಸ್ ಸಮೇತ ಕಾಯುತ್ತಿತ್ತು. ದೊಡ್ಡ ಮೀನೆಲ್ಲಾ ಅದಕ್ಕೇ ಹೋಯಿತು. ನಮಗೆ ಜಿಲೇಬಿ ಮೀನಿನ ಸಾರು, ಹುಣಸೆಹುಳಿ ಜಾಸ್ತಿ, ಜೊತೆಗೆ ಬಿಸಿ ಜೋಳದ ರೊಟ್ಟಿ. ಆ ಮನೆಯ ಅಕ್ಕ ಎರಡನೇ ಸಲ ಬಡಿಸಲು ಬಂದಾಗ ಬೇಡ ಅನ್ನೋಕೆ ಮನಸ್ಸೇ ಬರಲಿಲ್ಲ.

ಊಟ ಆದಮೇಲೆ ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರಕ್ಕೆ ಹೋಗಿ. ಜಗತ್ತಿನ ಮುಖ್ಯ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಪಕ್ಷಿಧಾಮ, ನೀರಲ್ಲಿ ನಿಂತ ಕರಿಜಾಲಿ ಮರಗಳ ತುಂಬಾ ಕೊಕ್ಕರೆ ಗೂಡು. ಮೀನು ನಂಬಿ ಬದುಕುವವರು ಅಲ್ಲೂ ಇದ್ದಾರೆ.