ಒಂದು ಮೀಟರ್ ದಾರ, ಒಂದು ಪೈಪು

ಮಂಡ್ಯದ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪ ಕುರಿ ರೊಪ್ಪಕ್ಕೆಂದು 40 ಮೀಟರ್ ಜಾಲರಿ ತಂದಿದ್ದರು. ಚೌಕವಾಗಿ ಕಟ್ಟಿದರೆ 100 ಚದರ ಮೀಟರ್, ದುಂಡಗೆ ಕಟ್ಟಿದರೆ 127 ಎಂದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಗಣಿತ ಓದುವವಳು ಅಷ್ಟೂ ಹೇಳದಿದ್ದರೆ ಹೇಗೆ?

"ದುಂಡಗೇ ಯಾಕವ್ವ ಜಾಸ್ತಿ?"

ಪ್ರಶ್ನೆ ಸಲೀಸು. ವೃತ್ತವಲ್ಲದ ಯಾವ ಆಕಾರವನ್ನೂ ಸುತ್ತಳತೆ ಹೆಚ್ಚಿಸದೆ ಇನ್ನಷ್ಟು ಹಿಗ್ಗಿಸಬಹುದು ಎಂದು 1838ರಲ್ಲಿ ಗಣಿತಜ್ಞ ಯಾಕೋಬ್ ಸ್ಟೈನರ್ ತೋರಿಸಿದ್ದ. ಆದರೆ ಎಲ್ಲಕ್ಕಿಂತ ದೊಡ್ಡದು ಎಂಬುದೊಂದು ಇದ್ದೇ ಇದೆ ಎಂದು ಸುಮ್ಮನೆ ನಂಬಿಕೊಂಡಿದ್ದ. ಆ ತೂತು ಮುಚ್ಚಿದ್ದು ಆಮೇಲೆ, ವೈಯರ್‌ಸ್ಟ್ರಾಸ್ ಎಂಬ ಇನ್ನೊಬ್ಬ ಗಣಿತಜ್ಞ. ನಾನು ಇಲ್ಲಿಗೆ ಬರುವಷ್ಟರಲ್ಲಿ ಚಿಕ್ಕಪ್ಪ ಬೀಡಿ ಹಚ್ಚಿಯಾಗಿತ್ತು.

ಶೆಡ್ಡಿನ ಪಕ್ಕ ಕಬ್ಬಿನ ಗದ್ದೆಗೆ ನೀರು ಹಾಯಿಸಲು ತಂದ 160 ಎಂಎಂ ಪಿವಿಸಿ ಪೈಪು ಬಿದ್ದಿತ್ತು, 6 ಮೀಟರ್ ಉದ್ದದ್ದು. ನೆಲ ಬಿಟ್ಟು ಇದರ ಮೈಮೇಲೆ ಬೇಲಿ ಹಾಕೋಣ ಅಂತ ಗೋಣಿ ದಾರ ಒಂದು ಮೀಟರ್ ಕತ್ತರಿಸಿದೆ, ಗಂಟಿಗೆ ಒಂಚೂರು ಜಾಸ್ತಿ ಬಿಟ್ಟು. ದುಂಡಗೆ ಇಟ್ಟರೆ ದಾರ ಜಾರುತ್ತಿತ್ತು, ಚಿಕ್ಕಪ್ಪ ಹೆಬ್ಬೆರಳಲ್ಲಿ ಅದುಮಿ ಹಿಡಿದರು. ಒಳಗೆ ಸಿಕ್ಕಿದ್ದು ಸುಮಾರು 800 ಚದರ ಸೆಂಟಿಮೀಟರ್.

ಅದೇ ದಾರವನ್ನು ಎರಡು ತುಂಡು ಮಾಡಿದೆ. ಪೈಪಿನ ಸುತ್ತಳತೆ ಹೆಚ್ಚುಕಡಿಮೆ ಅರ್ಧ ಮೀಟರ್, ಹಾಗಾಗಿ ಒಂದೊಂದು ತುಂಡೂ ಒಂದು ಬಳೆಯಾಯಿತು. ಒಂದನ್ನು ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಸರಿಸಿದರೆ ನಡುವೆ 30,000 ಚದರ ಸೆಂಟಿಮೀಟರ್!

"ನಿನ್ ದುಂಡು ಸೋತೋಯ್ತಲ್ಲವ್ವ."

ಪೂರ್ತಿ ಸೋತಿಲ್ಲ. ಬಳೆಗಳಿಗೆ ಯಾವಾಗಲೂ ಒಂದು ಮೀಟರ್ ದಾರ ಬೇಕೇ ಬೇಕು, ಜಾಗ ಎಷ್ಟೇ ಇರಲಿ. 800ಕ್ಕಿಂತ ಕಡಿಮೆ ಜಾಗಕ್ಕೆ ವೃತ್ತವೇ ಅಗ್ಗ. ಪೈಪನ್ನು ಉದ್ದಕ್ಕೆ ಸೀಳಿ ಹರಡಿ, ಅಂಥವೇ ಹಾಳೆಗಳನ್ನು ಎಡಕ್ಕೂ ಬಲಕ್ಕೂ ಕೊನೆಯಿಲ್ಲದಂತೆ ಜೋಡಿಸುತ್ತ ಹೋದರೆ ಬರುವ ಬಯಲೇ ಪೈಪಿನ ಕವರಿಂಗ್ ಸ್ಪೇಸ್. ಪೈಪಿನ ಮೇಲಿನ ಪುಟ್ಟ ವೃತ್ತ ಅಲ್ಲೂ ವೃತ್ತವೇ. ಬಳೆ ಮಾತ್ರ ಅಲ್ಲಿ ಕೂಡಿಕೊಳ್ಳುವುದೇ ಇಲ್ಲ, ನೆಟ್ಟಗೆ ಓಡುತ್ತಲೇ ಇರುತ್ತದೆ. ಸುತ್ತಳತೆಯ ವರ್ಗ ವಿಸ್ತೀರ್ಣದ 4π ಪಟ್ಟಿಗಿಂತ ಕಡಿಮೆಯಾಗದು ಎಂಬ ಬಯಲಿನ ನಿಯಮ ಬಳೆಗಳನ್ನು ಕಟ್ಟಿಹಾಕಲಾರದ್ದು ಅದಕ್ಕೇ. ಕ್ಲಾಸಿನ ಬೋರ್ಡಿನ ಮೇಲೆ ಇದನ್ನು ಬರೀ ಬಾಣದ ಗುರುತಾಗಿ ನೋಡಿ ನೋಡಿ ಸಾಕಾಗಿದ್ದ ನನಗೆ ಇದು ಗೋಣಿ ದಾರದಲ್ಲೇ ಹೆಚ್ಚು ಹಿಡಿಸಿತು.

"ಎರಡು ತುದೀನೂ ಸೇರಿಸ್ಬುಟ್ರೆ?" ಎಂದರು ಚಿಕ್ಕಪ್ಪ.

ಬಗ್ಗದ ಪೈಪಿನಲ್ಲಿ ಆಗದ ಕೆಲಸ, ಗಣಿತದಲ್ಲಿ ಆಗುತ್ತದೆ. ಮೈ ಎಲ್ಲೂ ಹಿಗ್ಗದೆ ಕುಗ್ಗದೆ ಹಾಗೆ ತುದಿ ಸೇರಿದ ಪೈಪಿಗೆ ಫ್ಲಾಟ್ ಟೋರಸ್ ಅಂತಾರೆ. ಅಲ್ಲಿ ಸ್ವಲ್ಪ ಜಾಗಕ್ಕೆ ವೃತ್ತ, ಅದು ಮೀರಿದರೆ ಎರಡು ಬಳೆ. ಹೆಚ್ಚುಕಡಿಮೆ ಎಲ್ಲವೂ ನಮಗೇ ಬೇಕೆಂದರೆ, ಬಿಟ್ಟುಕೊಡುವ ಚೂರಿನ ಸುತ್ತ ವೃತ್ತ ಹಾಕುವುದೇ ಕಡಿಮೆ ಖರ್ಚು.