ಕರೆಂಟಿಲ್ಲದ ಕಕ್ಕಡದಲ್ಲಿ ಸೊಲೆಮ್ ಮಠದ ಹಾಡು

ನಮ್ಮ ಕೊಡಗಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ, ಮೂರು ದಿನದಿಂದ ಕರೆಂಟಿಲ್ಲ, ನೆಟ್‌ವರ್ಕೂ ಇಲ್ಲ, ಮೊಬೈಲಲ್ಲಿ ಡೌನ್‌ಲೋಡ್ ಆಗಿ ಉಳಿದಿದ್ದು ಫ್ರಾನ್ಸಿನ ಸೊಲೆಮ್ ಮಠದ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳ ಹಾಡು ಮಾತ್ರ. ಲ್ಯಾಟಿನ್ನು, ವಾದ್ಯ ಇಲ್ಲ, ತಾಳ ಇಲ್ಲ, ಎಲ್ರೂ ಒಂದೇ ಎಳೆ ಹಿಡ್ಕೊಂಡು ಹೋಗ್ತಾರೆ. ಅಮ್ಮ ಎರಡು ನಿಮಿಷ ಕೇಳಿ "ಬ್ಯಾಟರಿ ಮುಗಿಸ್ಬೇಡ ಮಾರಾಯ" ಅಂದ್ರು.

ಈ ಮಠ ಶುರುವಾಗಿದ್ದು 1010ರಲ್ಲಿ, ಸಾರ್ತ್ ನದಿ ದಡದಲ್ಲಿ. ಫ್ರೆಂಚ್ ಕ್ರಾಂತಿ ಟೈಮಲ್ಲಿ ಮುಚ್ಚೋಯ್ತು, 1833ರಲ್ಲಿ ಪ್ರೊಸ್ಪೆರ್ ಗೆರಾಂಜೆ ಅನ್ನೋ ಪಾದ್ರಿ (ಆಗಿನ್ನೂ ಮೂವತ್ತು ತುಂಬಿಲ್ಲ) ಮತ್ತೆ ಬಾಗಿಲು ತೆಗೆದ್ರು. ಅಷ್ಟೊತ್ತಿಗೆ ಹಾಡು ಕೆಟ್ಟೋಗಿತ್ತು, ಪ್ರಿಂಟ್ ಮಾಡೋರು ಉದ್ದ ಎಳೆತಗಳನ್ನೆಲ್ಲ ಕತ್ತರಿಸಿ ಹಾಕಿದ್ರು. ಸನ್ಯಾಸಿಗಳು ಹಳೇ ಹಸ್ತಪ್ರತಿ ಹುಡುಕಿ, ಕಾಪಿ ಮಾಡಿ, 1889ರಿಂದ ಅವುಗಳ ಫೋಟೋನೇ ಸಂಪುಟಗಳಾಗಿ ಅಚ್ಚು ಹಾಕಿದ್ರು, ನಂಬದೇ ಇರೋರು ನೀವೇ ನೋಡ್ಕೊಳ್ಳಿ ಅನ್ನೋ ಹಾಗೆ.

ಆದ್ರೆ ನಂಗೆ ತಲೆ ಕೆಟ್ಟಿದ್ದು ಬೇರೆ ವಿಷ್ಯಕ್ಕೆ. ತೀರಾ ಹಳೇ ಪ್ರತಿಗಳಲ್ಲಿ ಸ್ವರದ ಎತ್ತರ ತೋರ್ಸೋ ಗೆರೆಗಳೇ ಇಲ್ಲ, ಅಕ್ಷರದ ಮೇಲೆ ಸಣ್ಣ ಸಣ್ಣ ಕೊಕ್ಕೆ ಅಷ್ಟೇ, ದನಿ ಮೇಲೆ ಹೋಯ್ತಾ ಕೆಳಗೆ ಬಂತಾ ಅಂತ ಹೇಳತ್ತೆ, ಎಷ್ಟು ಮೇಲೆ ಅಂತ ಹೇಳಲ್ಲ. ಹಾಡು ಮೊದ್ಲೇ ಬಾಯಿಗೆ ಬರ್ತಿದ್ದವರಿಗೆ ಮಾತ್ರ ಅದು ಉಪಯೋಗ.

ನಮ್ಮ ಕೊಡವರ ದುಡಿಕೊಟ್ಟ್ ಪಾಟೂ (ದುಡಿ ಅನ್ನೋ ಸಣ್ಣ ಚರ್ಮವಾದ್ಯ ಬಡಿದು ಹಾಡೋ ಹಾಡು) ಇದೇ ಕತೆ ಅಲ್ವಾ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಈ ಜನಪದ ಹಾಡುಗಳನ್ನ ಸೇರಿಸಿ ಪಟ್ಟೋಲೆ ಪಳಮೆ ಅನ್ನೋ ಪುಸ್ತಕ ತರದೇ ಇದ್ದಿದ್ರೆ ಎಷ್ಟೋ ಪಾಟು ಹೋಗೇಬಿಡ್ತಿತ್ತು, ಪುಣ್ಯಾತ್ಮರು. ಆದ್ರೆ ಪುಸ್ತಕದಲ್ಲಿ ಪದ ಸಿಗತ್ತೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಮನೆಮನೆಗೆ ಹೋಗಿ ಹಾಡುವಾಗ ಅಜ್ಜ ಎಲ್ಲಿ ಎಳೀತಿದ್ರು, ಎಲ್ಲಿ ಉಸಿರು ಬಿಡ್ತಿದ್ರು, ಅದೆಲ್ಲಿ ಸಿಗತ್ತೆ? ನಾಲ್ಕು ಜನ ದುಡಿ ಹಿಡ್ಕೊಂಡು, ಇಬ್ರು ಒಂದು ಸಾಲು ಹೇಳಿದ್ರೆ ಇನ್ನಿಬ್ರು ಅದನ್ನೇ ತಿರುಗಿ ಹೇಳೋದು. ಸೊಲೆಮ್‌ನಲ್ಲೂ ಕೀರ್ತನೆ ಹಾಡುವಾಗ ಎರಡು ಕಡೆ ನಿಂತು ಒಂದು ಸಾಲು ಇವರು, ಮುಂದಿನ ಸಾಲು ಅವರು. ಅಲ್ಲಿ ದಿನಕ್ಕೆ ಎಷ್ಟೋ ಸಲ ಹಾಡ್ತಾರೆ, ಮರೆಯೋಕೆ ಟೈಮೇ ಸಿಗಲ್ಲ. ನಮ್ದು ವರ್ಷಕ್ಕೊಂದ್ಸಲ, ಅದೂ ಈಗ ಸ್ಪೀಕರ್‌ನಲ್ಲಿ.

ಅಜ್ಜನ ಜೊತೆ ಹಾಡ್ತಿದ್ದವರಲ್ಲಿ ಒಬ್ರು ಇನ್ನೂ ತೋಟದಾಚೆ ಮನೇಲಿದ್ದಾರೆ. ಮಳೆ ಸ್ವಲ್ಪ ಬಿಟ್ಟಾಗ ಕೊಡೆ ಹಿಡ್ಕೊಂಡು ಹೋದೆ, ರೆಕಾರ್ಡ್ ಮಾಡ್ಕೋತೀನಿ ಒಂದು ಹಾಡಿ ಅಂದೆ. ಒಲೆ ಮುಂದೆ ಕೂತಿದ್ರು. "ಈ ಥಂಡೀಲಿ ದುಡಿ ಚರ್ಮಾನೂ ಸಡಿಲ, ನನ್ ಗಂಟ್ಲೂ ಸಡಿಲ, ಕಕ್ಕಡ ಕಳೀಲಿ ಬಾ" ಅಂದ್ರು. ಮೊಬೈಲ್ ಹೆಂಗೂ ಆಫ್ ಆಗಿತ್ತು.